ಬೊಳ್ಳಿ ಹಾರದ ಬೆಳಗುಗಳು

ಯಾರೋ ಬಾಗಿಲು ತಟ್ಟಿದರು.

ಎಡ್ನಾ ಕಣ್ಣು ಬಿಟ್ಟಳು. ಇನ್ನೊಮ್ಮೆ ಅದೇ ಸದ್ದು. ಬೆರಳ ಗೆಣ್ಣಿನಿಂದ ತಟ್ಟಿದಂತೆ ಮೆಲ್ಲಗೆ, ಆದರೆ ಎಬ್ಬಿಸದೆ ಬಿಡುವುದಿಲ್ಲವೆಂಬ ಹಟದಿಂದ. ಪಕ್ಕದಲ್ಲಿ ಗಂಡ ಯೂಸ್ಟೇಸ್ ಗೋಡೆಯತ್ತ ಮುಖ ಮಾಡಿ ಮಲಗಿದ್ದ. ಅವಳು ಶಾಲು ಹೊದ್ದು, ಸದ್ದಾಗದಂತೆ ಚಿಲಕ ಸರಿಸಿದಳು.

ಹೊರಗೆ ಯಾರೂ ಇರಲಿಲ್ಲ. ಎದುರಿನ ಪೋರ್ಟಾ ಕ್ಯಾಬಿನ್ನಿನಲ್ಲಿ ಗೆಳೆಯ ಅಬ್ದುಲ್ ಲತೀಫ್ ಮತ್ತು ಅವನ ಹೆಂಡತಿ ನಫೀಸಾ ಮಲಗಿದ್ದರು, ಅಲ್ಲಿ ಕತ್ತಲೆ. ಅದರಾಚೆ ಮರಳು, ಮರಳಿನಾಚೆ ಫ್ಲೈಯಿಂಗ್ ಕ್ಲಬ್ಬಿನ ರನ್‌ವೇ. ತಗಡಿನ ಚಪ್ಪರದ ಕೆಳಗೆ ಮಾತ್ರ ಏನೋ ಕೆಂಪಗೆ ಮಿನುಗಿ ಆರಿತು. ಮತ್ತೆ ಮಿನುಗಿತು.

ಅದು ಅವರ ವಿಮಾನದ ಬಾಲದ ದೀಪ.

ಎಡ್ನಾ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು. ವಿಮಾನದ ಬಾಗಿಲಿನ ಬೀಗ ಕೆಟ್ಟು ವರ್ಷವಾಗಿತ್ತು, ಎಳೆದರೆ ತೆರೆಯುತ್ತಿತ್ತು. ಒಳಗೆ ಕೈ ಚಾಚಿ, ಇಡೀ ವಿಮಾನಕ್ಕೆ ವಿದ್ಯುತ್ ಹರಿಸುವ ಮಾಸ್ಟರ್ ಸ್ವಿಚ್ಚನ್ನು ಕೆಳಕ್ಕೊತ್ತಿದಳು. ಕೆಂಪು ದೀಪ ಆರಿತು. ಸಂಜೆ ಈ ಸ್ವಿಚ್ಚು ಆಫ್ ಆಗಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು, ಕೈಯಾರೆ ಮುಟ್ಟಿದ್ದಳು.

ಆ ಒಂದು ಸ್ವಿಚ್ಚಿನಿಂದ ಅವರ ರಜೆ ಎರಡು ಬೆಳಗು ಅಲ್ಲೇ ಕಟ್ಟಿಬಿದ್ದಿತ್ತು.

ನಾಲ್ಕು ಸೀಟಿನ ಹಳೆಯ ವಿಮಾನ ಅದು. ಊರಿಗೆ ಮರಳುತ್ತಿದ್ದ ಒಬ್ಬ ಇಂಗ್ಲಿಷಿನವನಿಂದ ಯೂಸ್ಟೇಸ್ ಕೊಂಡದ್ದು. ಮೈಯ ಬಿಳಿ ಬಣ್ಣ ನೋಡಿ ನಫೀಸಾ ಅದಕ್ಕೆ ‘ಬೊಳ್ಳಿ’ ಎಂದು ಹೆಸರಿಟ್ಟಿದ್ದಳು. ಮಂಗಳೂರಿನಲ್ಲಿ ಅವಳ ಅಜ್ಜಿಯ ಹಸುವಿಗೂ ಅದೇ ಹೆಸರಿತ್ತಂತೆ. ತೈಲ ಕಂಪನಿಯಲ್ಲಿ ಎಂಜಿನಿಯರನಾಗಿದ್ದ ಯೂಸ್ಟೇಸ್ ಕತಾರಿಗೆ ಬಂದ ವಿಮಾನದಲ್ಲೇ ಲತೀಫನೂ ಬಂದಿದ್ದ. ದೋಹಾ ಅಲ್ ಜದೀದಾ ಬಡಾವಣೆಯ ಒಂದು ಕೋಣೆ, ಒಂದು ಸ್ಟವ್, ನಡುರಾತ್ರಿ ಕೈಕೊಡುವ ಒಂದು ಏಸಿ: ಇಷ್ಟನ್ನು ಹಂಚಿಕೊಂಡು ಇಬ್ಬರೂ ಬದುಕು ಕಟ್ಟಿಕೊಂಡರು. ಲತೀಫ್ ಅದೇ ಬೀದಿಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ತೆರೆದ. ಹೆರಿಗೆ ವಾರ್ಡಿನ ನರ್ಸಾಗಿದ್ದ ಎಡ್ನಾ ಅವನ ಮಕ್ಕಳೆಲ್ಲರನ್ನೂ ತಾಯಿಗಿಂತ ಮೊದಲು ಎತ್ತಿಕೊಂಡಿದ್ದಳು.

ಈಗ ಯೂಸ್ಟೇಸನ ಕೆಲಸದ ಅವಧಿ ಮುಗಿದಿತ್ತು. ವೀಸಾ ಮುಗಿಯುವ ಮೊದಲು ನಾಲ್ವರೂ ಸೇರಿ ಒಂದು ದೀರ್ಘ ರಜೆಯನ್ನು ಹಾರುತ್ತಲೇ ಕಳೆಯುವುದೆಂದು ತೀರ್ಮಾನವಾಗಿತ್ತು. ಮೊದಲ ಭಾಗವನ್ನು ಕತಾರಿನ ಮೇಲೆಯೇ ಕಳೆದರು. ದಕ್ಷಿಣದಲ್ಲಿ ಮರಳ ದಿಬ್ಬಗಳ ನಡುವೆ ಕಡಲು ನುಗ್ಗಿಬಂದಿರುವಲ್ಲಿ ತಗ್ಗಾಗಿ ಸುತ್ತಿದರು. ಪಶ್ಚಿಮದ ಸುಣ್ಣಕಲ್ಲಿನ ಗುಡ್ಡಗಳ ಬಳಿ ಇಳಿದು, ರೆಕ್ಕೆಯ ನೆರಳಲ್ಲಿ ಚಾಪೆ ಹಾಸಿ ಅಕ್ಕಿಯ ಪತ್ತಿರಿ ರೊಟ್ಟಿ ತಿಂದರು. ಇನ್ನುಳಿದದ್ದು ದೊಡ್ಡ ಹಾರಾಟ. ಕಡಲು ದಾಟಿ ಮಸ್ಕತ್, ಅಲ್ಲಿಂದ ಸಲಾಲಾ, ಮರಳಿ ಮಸ್ಕತ್. ಅಲ್ಲಿ ಬೊಳ್ಳಿ ಬೇರೆಯವರ ಕೈಗೆ. ಯೂಸ್ಟೇಸ್ ಮತ್ತು ಎಡ್ನಾ ಮಂಗಳೂರಿಗೆ, ಲತೀಫ್ ಮತ್ತು ನಫೀಸಾ ದೋಹಾಕ್ಕೆ.

ಸ್ವಂತ ರೆಕ್ಕೆಯಲ್ಲಿ ಈ ಕಡಲನ್ನು ದಾಟಬೇಕೆಂಬುದು ಯೂಸ್ಟೇಸನ ಹಳೆಯ ಆಸೆ. ಅವನ ಕಣ್ಣಿಗೆ ಪೊರೆ ಬರುತ್ತಿದೆಯೆಂದೂ, ಮುಂದಿನ ಸಲ ಲೈಸೆನ್ಸು ಸಿಗಲಾರದೆಂದೂ ವೈದ್ಯರು ಹೇಳಿದ್ದರು. ಈ ಹಾರಾಟ ತಪ್ಪಿದರೆ ಅವನಿಗೆ ಇನ್ನೊಂದಿಲ್ಲ. ಕಡಲು ದಾಟಿ ಮಸ್ಕತ್ ಮುಟ್ಟಲು ಸಿಕ್ಕಿದ್ದ ಅನುಮತಿ ನಾಳೆಗೆ ಕೊನೆ.

ಆದರೆ ಎರಡು ಬೆಳಗು ಬೊಳ್ಳಿ ಕೆಮ್ಮಲೂ ಇಲ್ಲ. ಮಾಸ್ಟರ್ ಸ್ವಿಚ್ಚು ರಾತ್ರಿಯಿಡೀ ಆನ್ ಆಗಿದ್ದು, ಬ್ಯಾಟರಿ ಬರಿದಾಗಿತ್ತು. ಅದನ್ನು ಬಿಚ್ಚಿ ಚಾರ್ಜಿಗಿಟ್ಟು ಮತ್ತೆ ಕೂರಿಸುವಷ್ಟರಲ್ಲಿ ಹಗಲು ಮುಗಿಯುತ್ತಿತ್ತು.

“ನಾನೇ ಮರೆತೆ,” ಎಂದಿದ್ದ ಯೂಸ್ಟೇಸ್, ಎರಡು ಸಲವೂ.

ಎಡ್ನಾಳಿಗೆ ಅದು ಸುಳ್ಳೆಂದು ಗೊತ್ತಿತ್ತು. ಇಳಿಯುವ ಮುನ್ನ ಅವನು “ಮಾಸ್ಟರ್” ಎನ್ನಬೇಕು; ಅವಳು ಸ್ವಿಚ್ಚಿನ ಮೇಲೆ ಬೆರಳಿಟ್ಟು “ಆಫ್” ಎನ್ನಬೇಕು. ಹಾರಾಟ ಕಲಿತ ದಿನದಿಂದ ಗಂಡಹೆಂಡಿರು ಈ ಕ್ರಮ ತಪ್ಪಿಸಿದವರಲ್ಲ. ಆ ಸಂಜೆಗಳಲ್ಲೂ ತಪ್ಪಿಸಿರಲಿಲ್ಲ. ಮತ್ತೆ ಇವನೇಕೆ ಮರೆತೆನೆನ್ನುತ್ತಾನೆ? ಅವಳಿಗೆ ಹೊಳೆದ ಉತ್ತರ ಒಂದೇ. ಅದನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದಳು.

ಆ ರಾತ್ರಿ ಊಟದ ಹೊತ್ತಿಗೆ ಲತೀಫ್ ಅವನನ್ನು ಸುಮ್ಮನೆ ಬಿಟ್ಟಿರಲಿಲ್ಲ. ಅವನು ಎರಡು ದಿನವೂ ಎಲ್ಲರಿಗಿಂತ ಮೊದಲು ಹೆಗಲಿಗೆ ಬ್ಯಾಗು ಹಾಕಿ, “ಯಲ್ಲಾ, ಯಲ್ಲಾ, ಹೊರಡಿ” ಎಂದು ಕ್ಯಾಬಿನ್ನಿನ ಬಾಗಿಲು ಗುದ್ದಿದವನು.

“ಎಡ್ನಾಬಾಯಿ, ನಮ್ಮ ಕ್ಯಾಪ್ಟನಿಗೆ ನಾಲ್ಕು ಬಾದಾಮಿ ನೆನೆ ಹಾಕಿ ಕೊಡಿ. ನಾಳೆ ಆಕಾಶದಲ್ಲಿ ಇಂಜಿನ್ ಆಫ್ ಮಾಡಿ, ಇದು ಎಂತದಕ್ಕೆ ಇಟ್ಟದ್ದು ಅಂತ ಕೇಳಿಯಾನು.”

“ನಿಮ್ಮ ಬಾಯಿಗೊಂದು ಮಾಸ್ಟರ್ ಇರ್ತಿದ್ದರೆ ಒಳ್ಳೆದಿತ್ತು, ಲತೀಫಾಕ,” ಎಂದಿದ್ದಳು ಎಡ್ನಾ.

ನಫೀಸಾ ನಗಲಿಲ್ಲ. ಹಾರುವುದೆಂದರೆ ಅವಳಿಗೆ ಜೀವಭಯ. ಚಕ್ರ ನೆಲ ಬಿಟ್ಟ ಕೂಡಲೇ ಕಣ್ಣು ಮುಚ್ಚಿ, ದುವಾ ಹೇಳುತ್ತ, ಮುಂದಿನ ಸೀಟಿನ ಎಡ್ನಾಳ ಭುಜ ಹಿಡಿದುಕೊಳ್ಳುವವಳು. “ಮಸ್ಕತ್ ಎಲ್ಲಿಗೆ ಓಡಿ ಹೋಗ್ತದೆ ಎಡ್ನಕ್ಕ? ಇಲ್ಲೇ ನಾಲ್ಕು ದಿನ ಇದ್ದರೆ ಎಂತ ಆಗ್ತದೆ?” ಎಂದು ತಟ್ಟೆ ನೋಡುತ್ತ ಕೇಳಿದ್ದಳು.

ಆಗ ಯೂಸ್ಟೇಸ್ ಕೈ ಒರೆಸಿಕೊಂಡು ಹೇಳಿದ್ದ: “ಒಂದು ಸ್ವಿಚ್ಚು ನೆನಪಿಡ್ಲಿಕ್ಕಾಗದವನು ನಿಮ್ಮನ್ನೆಲ್ಲ ಕಟ್ಟಿಕೊಂಡು ಕಡಲಿನ ಮೇಲೆ ಹೋಗುದು ಬೇಡ. ಕ್ಲಬ್ಬಿನ ಪೈಲಟನಿಗೆ ಹೇಳುವ, ಅವನೇ ಬೊಳ್ಳಿಯನ್ನು ಮಸ್ಕತ್‌ಗೆ ಮುಟ್ಟಿಸಲಿ. ನಾವು ದೊಡ್ಡ ವಿಮಾನದಲ್ಲಿ ಟಿಕೇಟು ಮಾಡುವ. ನಾಳೆ ಬೆಳಿಗ್ಗೆ ತೀರ್ಮಾನ ಹೇಳ್ತೇನೆ.”

ನಫೀಸಾಳ ಕಣ್ಣು ತುಂಬಿತ್ತು. ಲತೀಫ್, ಮೀನಿಗೆ ಉಪ್ಪು ಜಾಸ್ತಿಯಾಗಿದೆಯೆಂದು ಹೇಳಿ ತಟ್ಟೆ ಸರಿಸಿದ್ದ.

ಅದೆಲ್ಲವನ್ನೂ ನೆನೆಯುತ್ತ ಎಡ್ನಾ ಕ್ಯಾಬಿನ್ನಿಗೆ ಮರಳಿದಳು. ಯೂಸ್ಟೇಸ್ ಎದ್ದು ಮಂಚದ ಅಂಚಿನಲ್ಲಿ ಕುಳಿತಿದ್ದ. ದೀಪ ಹಾಕಿರಲಿಲ್ಲ. ತೆರೆದ ಬಾಗಿಲಿನ ಬೆಳಕಲ್ಲಿ ಅವಳ ಪಾದಗಳನ್ನು ನೋಡಿದ.

“ಮರಳು. ಒರೆಸಿಕೋ, ಶೀತ ಆಗ್ತದೆ.” ತನ್ನ ಟವೆಲನ್ನು ಚಾಚಿದ. ಆಮೇಲೆ ಮೆಲ್ಲಗೆ ಎಂದ: “ಹೋಗ್ಲಿಕ್ಕೆ ಮನಸ್ಸಿಲ್ಲದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಡ್ನಾ. ಪಾಪ, ಆ ಬ್ಯಾಟರಿ ಎಂತ ಮಾಡಿತು?”

ಅವಳು ಟವೆಲು ಹಿಡಿದು ಹಾಗೆಯೇ ನಿಂತಳು.

“ನಾನು ಆನ್ ಮಾಡಿ ಬಂದದ್ದಲ್ಲ. ಆಫ್ ಮಾಡಿ ಬಂದದ್ದು.”

ಯೂಸ್ಟೇಸ್ ತಲೆಯೆತ್ತಿದ.

“ಯಾರೋ ಬಾಗಿಲು ತಟ್ಟಿದರು,” ಎಂದಳು. “ತೆಗೆದರೆ ಯಾರೂ ಇಲ್ಲ. ಬಾಲದ ದೀಪ ಉರೀತಾ ಇತ್ತು. ನಾನು ಮಾಡಿದ್ದು ಅಂತ ನೀನು ತಿಳಿದದ್ದಾ? ಎರಡು ದಿನವೂ?”

“ಮತ್ತೆ? ಆಫ್ ಆದದ್ದು ಗೊತ್ತಿದ್ದದ್ದು ನಮಗಿಬ್ಬರಿಗೇ. ನಾನು ಮರೆತೆ ಅಂದಾಗ ನೀನು ಇಲ್ಲ ಅನ್ನಲಿಲ್ಲ, ಸುಮ್ಮನಿದ್ದಿ. ಈ ದೇಶ ಬಿಡ್ಲಿಕ್ಕೆ ನಿನಗೆ ಕಷ್ಟ ಆಗ್ತಾ ಉಂಟು, ಇಲ್ಲ ನನ್ನ ಕಣ್ಣಿನ ಮೇಲೆ ನಂಬಿಕೆ ಇಲ್ಲ. ಎರಡರಲ್ಲಿ ಯಾವುದಾದರೂ ಇರಲಿ, ಕೇಳಿ ನಿನ್ನನ್ನು ನೋಯಿಸುದು ಯಾಕೆ?”

“ಅದಕ್ಕೆ ಲತೀಫಾಕನ ಬಾಯಲ್ಲಿ ಮರೆಗುಳಿ ಅನ್ನಿಸಿಕೊಂಡು ಕೂತದ್ದಾ?”

“ನಿನ್ನ ಹೆಸರು ಹೊರಗೆ ಬರುದಕ್ಕಿಂತ ಅದು ಸುಲಭ ಅಲ್ವಾ.”

ಎಡ್ನಾ ಅವನ ಪಕ್ಕ ಕುಳಿತಳು.

“ನಾನು ನೀನೇ ಅಂತ ತಿಳಿದಿದ್ದೆ,” ಎಂದಳು. “ಬೊಳ್ಳಿಯನ್ನು ಬಿಟ್ಟುಕೊಡ್ಲಿಕ್ಕೆ ಮನಸ್ಸಾಗದೆ ರಾತ್ರಿ ಎದ್ದು ಹೋಗ್ತಾ ಇದ್ದಿ ಅಂತ. ಊರಿಗೆ ಹೋಗುವ ಅಂತ ಹಟ ಹಿಡಿದವಳು ನಾನಲ್ವಾ? ನಾಳೆ ನೀನು ಬೇಡ ಅಂದರೆ, ಆಯ್ತು, ಬೇಡ ಅಂತ ಹೇಳ್ಲಿಕ್ಕೆ ತಯಾರಾಗಿ ಮಲಗಿದ್ದೆ.”

ಯೂಸ್ಟೇಸ್ ಅವಳ ಕೈ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರೆಂದು ತಿಳಿದು, ಒಬ್ಬರನ್ನೊಬ್ಬರು ಬಚ್ಚಿಟ್ಟಿದ್ದರು. ಮೊದಲು ನಗು ಬಂದದ್ದು ಅವನಿಗೆ. ಎದುರಿನ ಕ್ಯಾಬಿನ್ನಿಗೆ ಕೇಳಿಸದಿರಲೆಂದು ಎಡ್ನಾ ಟವೆಲನ್ನೇ ಅವನ ಬಾಯಿಗೆ ಒತ್ತಿದಳು. ಆಮೇಲೆ ತಾನೂ ಅದೇ ಟವೆಲಿನಲ್ಲಿ ಮುಖ ಹುದುಗಿಸಿದಳು.

ನಗು ಇಳಿದ ಮೇಲೆ ಪ್ರಶ್ನೆ ಉಳಿಯಿತು. ಹಾಗಾದರೆ ಯಾರು?

“ಬಾಲದ ದೀಪಕ್ಕೆ ಬೇರೆ ಸ್ವಿಚ್ಚು ಉಂಟು,” ಎಂದ ಯೂಸ್ಟೇಸ್, ಯೋಚಿಸುತ್ತ. “ಮೊದಲ ಎರಡು ರಾತ್ರಿ ಯಾರಿಗೂ ಕಾಣದ ಹಾಗೆ ಅದನ್ನು ಆಫ್ ಮಾಡಿ, ಮಾಸ್ಟರ್ ಮಾತ್ರ ಆನ್ ಮಾಡಿದ್ದಾರೆ. ಇವತ್ತು ದೀಪವನ್ನೂ ಹಚ್ಚಿ, ಬಂದು ಬಾಗಿಲು ತಟ್ಟಿದ್ದಾರೆ. ಹಚ್ಚಿದವರೇ ನಿನ್ನನ್ನು ಕರೆದದ್ದು.”

“ಎಂತಕ್ಕೆ? ಮನಸ್ಸು ಬದಲಾದರೆ ಸುಮ್ಮನೆ ಮಲಗಬಹುದಿತ್ತು.”

“ಸುಮ್ಮನೆ ಮಲಗಿದ್ದರೆ ನಾನು ಮರೆಗುಳಿಯಾಗಿಯೇ ಉಳೀತಿದ್ದೆ. ಊಟದ ಹೊತ್ತಿಗೆ ನಾನು ಹೇಳಿದ್ದನ್ನು ಅವರು ನಿಜ ಅಂತ ನಂಬಿದ್ದಾರೆ, ಎಡ್ನಾ. ಸಂಜೆ ಆಫ್ ಇದ್ದದ್ದು ನೀನು ನೋಡಿದ್ದಿ. ರಾತ್ರಿ ಆನ್ ಆದದ್ದನ್ನೂ ನೀನೇ ನೋಡಬೇಕು. ತಪ್ಪು ನನ್ನದಲ್ಲ ಅಂತ ನಮಗೆ ಗೊತ್ತಾಗಬೇಕು. ಅಷ್ಟೇ ಅವರಿಗೆ ಬೇಕಾದದ್ದು.”

ಎಡ್ನಾ ಎದುರಿನ ಕತ್ತಲೆಯನ್ನು ನೋಡಿದಳು. ಬಾಗಿಲು ತಟ್ಟಿದ ಆ ಮೆದು ಸದ್ದು, ತಟ್ಟೆಯ ಮೇಲಿನಿಂದ ಕಣ್ಣೆತ್ತದ ಆ ಮುಖ. ನಫೀಸಾ. ಬೇರೆ ಯಾರು? ಎದ್ದು ಹೋಗಿ ಆ ಹುಡುಗಿಯನ್ನು ತಬ್ಬಿಕೊಳ್ಳಬೇಕೆನಿಸಿತು. ನಫೀಸಾ ಮೂರು ಮಕ್ಕಳ ತಾಯಿ. ಆದರೂ ಎಡ್ನಾಳಿಗೆ ಅವಳು ಹುಡುಗಿಯೇ.

“ಕೇಳಿ ಬರ್ತೇನೆ,” ಎಂದು ಎದ್ದಳು.

“ಬೇಡ.” ಯೂಸ್ಟೇಸ್ ಅವಳ ಶಾಲು ಹಿಡಿದು ಕೂರಿಸಿದ. “ಕೇಳಿದರೆ ಉತ್ತರ ಕೊಡಬೇಕಾಗ್ತದೆ. ನಮ್ಮನ್ನು ಇನ್ನೊಂದು ದಿನ ಇಟ್ಟುಕೊಳ್ಳುವ ಆಸೆಯಾಯ್ತು ಅಂತ ಬಾಯಿಬಿಟ್ಟು ಹೇಳ್ಲಿಕ್ಕೆ ಎಷ್ಟು ಕಷ್ಟ ಗೊತ್ತುಂಟಾ? ಹೇಳ್ಲಿಕ್ಕಾಗ್ತಿದ್ದರೆ ಅವರು ಸ್ವಿಚ್ಚಿನ ಹತ್ತಿರ ಯಾಕೆ ಹೋಗ್ತಿದ್ದರು?”

ಬೆಳಗಾಯಿತು. ರೆಕ್ಕೆಗಳ ಮೇಲೆ ಇಬ್ಬನಿ ಕೂತು ಹನಿಯುತ್ತಿತ್ತು. ಯೂಸ್ಟೇಸ್ ಬೊಳ್ಳಿಯ ಸುತ್ತ ಬಂದು, ಎಣ್ಣೆ ನೋಡಿ, ಇಂಧನ ನೋಡಿ, ಚಕ್ರಗಳ ಗಾಳಿ ನೋಡಿದ. ಬ್ಯಾಟರಿ ತುಂಬಿತ್ತು. ನಫೀಸಾ ಥರ್ಮಾಸು ಹಿಡಿದು ಬಂದಳು, ನಿದ್ದೆಗೆಟ್ಟ ಕಣ್ಣು. ಹಿಂದಿನಿಂದ ಬ್ಯಾಗು ಹೊತ್ತ ಲತೀಫ್.

“ಎಂತ ಕ್ಯಾಪ್ಟನ್,” ಎಂದ, “ಇವತ್ತಾದರೂ ಮಹಾರಾಣಿ ಎದ್ದಳಾ? ಇಲ್ಲ, ಖಲಾಸಾ?”

“ಎದ್ದಿದ್ದಾಳೆ. ಹೋಗುವ,” ಎಂದ ಯೂಸ್ಟೇಸ್. “ನಾನೇ ಹಾರಿಸ್ತೇನೆ. ಅದಕ್ಕಿಂತ ಮೊದಲು ಒಂದು ಮಾತುಂಟು.”

ಎಡ್ನಾ ನಫೀಸಾಳ ಕಡೆ ನೋಡಿದಳು.

“ನನಗೆ ಮರೆವಿಲ್ಲ. ರಾತ್ರಿ ಯಾರೋ ಬಂದು ಅದನ್ನು ತಿಳಿಸಿ ಹೋದರು. ಅವರಿಗೆ ನನ್ನ ನಮಸ್ಕಾರ. ಯಾರು ಅಂತ ನಾನು ಕೇಳುದಿಲ್ಲ. ಯಾಕೆ ಅಂತಲೂ ಕೇಳುದಿಲ್ಲ. ಆ ಕಾರಣ ನನ್ನ ಹೊಟ್ಟೆಯೊಳಗೂ ಉಂಟು.” ಅವನು ಕೈಯ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. “ಇವತ್ತು ಎಡ್ನಾ ಹಿಂದೆ ಕೂರ್ತಾಳೆ. ಅವರು ಮುಂದೆ ಬಂದು ನನ್ನ ಪಕ್ಕ ಕೂರಲಿ. ಮಾಸ್ಟರ್ ಅವರೇ ಆನ್ ಮಾಡಲಿ. ಕಡಲು ದಾಟುವಷ್ಟು ಹೊತ್ತು ಅವರು ಪಕ್ಕದಲ್ಲಿದ್ದರೆ ನನಗೆ ಸಾಕು. ಅಲ್ಲಿ ಕೂತು ಅವರು ಒಂದು ಮಾತೂ ಆಡಬೇಕಾಗಿಲ್ಲ.”

ಹೇಳಿ ಮುಗಿಸಿ ಯಾರ ಮುಖವನ್ನೂ ನೋಡದೆ ಎಡಬದಿಯಿಂದ ಹತ್ತಿ ತನ್ನ ಸೀಟಿನಲ್ಲಿ ಕುಳಿತ. ಎಡ್ನಾ ಬಲಬದಿಯ ಸೀಟು ಮಡಚಿ ಹಿಂದೆ ನುಸುಳಿದಳು. ಕಿಟಕಿಯ ಇಬ್ಬನಿಯನ್ನು ಅಂಗೈಯಲ್ಲಿ ಒರೆಸಿ ನೋಡಿದಳು. ಗಂಡಹೆಂಡಿರು ಹೊರಗೆ ಮರಳಿನ ಮೇಲೆ ನಿಂತೇ ಇದ್ದರು.

ನಂತರ ನಫೀಸಾ ಹೆಜ್ಜೆ ಮುಂದಿಟ್ಟಳು. ಬಾಗಿಲು ಹಿಡಿದು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು. ಬಾ ಮಗಾ, ಎಂದುಕೊಂಡಳು ಎಡ್ನಾ. ಮುಂದಿನ ಸೀಟನ್ನು ಎತ್ತಿ ನೆಟ್ಟಗೆ ಮಾಡಿಕೊಡಲು ಕೈ ಚಾಚಿದಳು.

ಆದರೆ ನಫೀಸಾ ಮಡಚಿದ ಸೀಟನ್ನು ದಾಟಿ ಹಿಂದಕ್ಕೇ ನುಸುಳಿ ಬಂದು, ಎಡ್ನಾಳ ತೋಳಿಗೆ ತೋಳು ಹೆಣೆದು, ಅವಳ ಭುಜದಲ್ಲಿ ಮುಖವಿಟ್ಟಳು. “ನನಗೆ ನಿನ್ನೆ ರಾತ್ರಿಯವರೆಗೆ ಗೊತ್ತಿರಲಿಲ್ಲ ಎಡ್ನಕ್ಕ,” ಎಂದು ಪಿಸುಗುಟ್ಟಿದಳು.

ಮುಂದಿನ ಸೀಟಿಗೆ ಹತ್ತಿ, ಒಂದು ಮಾತೂ ಆಡದೆ, ಮಾಸ್ಟರ್ ಆನ್ ಮಾಡಿದವನು ಅಬ್ದುಲ್ ಲತೀಫ್.