ಒಂಬತ್ತನೆಯವರು

ವಿಭೂತಿ ಹಿಡಿದು ಬಗ್ಗಿದ ಮೈದುನ ಪರ್ವತಯ್ಯನ ಕೈಯನ್ನು ಶಿವರುದ್ರಮ್ಮ ತಡೆದಳು. ಗಂಡ ನಾಗಲಿಂಗಯ್ಯನ ಹೆಣ ಪಡಸಾಲೆಯಲ್ಲಿತ್ತು.

"ಬ್ಯಾಡಿ. ಅವರು ಬಹಾಯಿ ಮತಕ್ಕೆ ಸೇರಿದ್ರು. ಮಲಗಿಸೇ ಮಣ್ಣು ಮಾಡ್ಲಿ."

"ಅತ್ತಿಗೆ, ನಮ್ಮಪ್ಪ, ತಾತ ಎಲ್ರನ್ನೂ ಕೂರಿಸೇ ಮಣ್ಣು ಮಾಡಿರೋದು. ಅಣ್ಣ ಒಬ್ಬ..." ಅವನು ತಲೆಯೆತ್ತಿದ. "ನೀವೂ ಆ ಮತಕ್ಕೆ ಸೇರ್ಬುಟ್ರಾ?"

"ಇಲ್ಲ. ನನ್ನ ಯಾರೂ ಕರೀಲಿಲ್ಲ."

ಪರ್ವತಯ್ಯ ವಿಭೂತಿಯನ್ನು ಕೆಳಗಿಟ್ಟು, ಗೋಡೆಗೆ ಮುಖ ಮಾಡಿ ಅತ್ತ.

*

ಅದಕ್ಕೂ ಹಿಂದೆ, ಎರಡನೇ ಮಹಾಯುದ್ಧ ಮುಗಿದ ವರ್ಷ. ಮಧುಗಿರಿಯ ಪೇಟೆಯಲ್ಲಿ ಜವಳಿ ಅಂಗಡಿ ಮುಚ್ಚಿ ಬಂದ ಮೇಲೆ ನಾಗಲಿಂಗಯ್ಯ ಗೆಳೆಯರೊಂದಿಗೆ ಅದೇ ಪಡಸಾಲೆಯಲ್ಲಿ ಪ್ರಾರ್ಥನೆಗೆ ಕೂರುತ್ತಿದ್ದ. ಲಿಂಗಾಯಿತರು, ಒಕ್ಕಲಿಗರು, ಶಿರಾದ ಒಬ್ಬ ಸಾಹೇಬರು, ಎಲ್ಲ ಒಂದೇ ಚಾಪೆಯ ಮೇಲೆ. ಶಿವರುದ್ರಮ್ಮ ಕಾಫಿ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಬರುಬರುತ್ತಾ ಆ ಪ್ರಾರ್ಥನೆಗಳು ಅವಳಿಗೂ ಬಾಯಿಪಾಠವಾಗಿದ್ದವು.

"ನಿಮಗೆ ಯಜಮಾನ ಅಂತ ಯಾರೂ ಇಲ್ವಾ?" ಒಮ್ಮೆ ಕೇಳಿದಳು.

"ಯಜಮಾನನೂ ಇಲ್ಲ, ಅಯ್ಯನೋರೂ ಇಲ್ಲ. ವರ್ಷಕ್ಕೊಂದ್ಸಲ, ಏಪ್ರಿಲ್‌ನಲ್ಲಿ, ಒಂಬತ್ತು ಜನರ ಸಭೆ ಆರಿಸ್ಕೋಬೇಕು. ನಾನು ನಿಲ್ತೀನಿ ಅಂತ ಯಾರೂ ಅನ್ನಂಗಿಲ್ಲ, ಓಟು ಕೇಳಂಗಿಲ್ಲ. ಅವರವರ ಮನಸ್ಸಿಗೆ ಒಪ್ಪಿದ ಹೆಸರು ಗುಟ್ಟಾಗಿ ಬರೀಬೇಕು. ಗಂಡಸ್ರೂ ಸೈ, ಹೆಂಗಸ್ರೂ ಸೈ."

"ಮತ್ತೆ ಬರೀರಿ."

"ನಾವಿರೋದೇ ಎಂಟು ಜನ ಕಣೇ. ಒಂಬತ್ತು ಆಗ್ಬುಟ್ರೆ ಬರೆಯೋದೂ ಬ್ಯಾಡ, ಅಷ್ಟೂ ಜನಾನೇ ಸಭೆ."

ಅವಳು ಲೋಟ ಹಿಡಿದು ನಿಂತೇ ಇದ್ದಳು. ನಾಗಲಿಂಗಯ್ಯ ಅವಳ ಮುಖ ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದವನು, ದೀಪದ ಬತ್ತಿ ಇಳಿಸಿದ.

*

ಬೆಟ್ಟದ ಬುಡದಲ್ಲಿ ನಾಗಲಿಂಗಯ್ಯನನ್ನು ಮಲಗಿಸಿದರು. ಗುಂಪಿನಲ್ಲಿ ಉಳಿದ ಏಳು ಜನ ಸುತ್ತ ನಿಂತರು. ಅವರ ಪೈಕಿ ಗೆಳೆಯ ನಂದೀಶ್ವರಯ್ಯ ಒಬ್ಬನೇ ಪ್ರಾರ್ಥನೆ ಹೇಳಿದ. ಮಣ್ಣು ಮುಚ್ಚಿದ ಮೇಲೆ ಅವನು ಶಿವರುದ್ರಮ್ಮನ ಹತ್ತಿರ ಬಂದ.

"ಈ ಏಪ್ರಿಲ್‌ಗಾದ್ರೂ ಸಭೆ ಆಯ್ತದೆ ಅಂತಿದ್ರು, ಅಕ್ಕ."

"ನನ್ನ ಯಾಕೆ ಕೇಳ್ಲಿಲ್ಲ ಅವರು?"

ನಂದೀಶ್ವರಯ್ಯ ತಲೆ ತಗ್ಗಿಸಿದ. "ಅಕ್ಕನ್ನ ಕೇಳಿ ಅಂತ ನಾನೇ ಅಂದಿದ್ದೆ. 'ನಾನು ಕೇಳಿದ್ರೆ ಅವಳು ಇಲ್ಲ ಅನ್ನಲ್ಲ. ಗಂಡ ಕೇಳ್ದ ಅಂತ ಬರಬಾರ್ದು, ಲೆಕ್ಕ ತುಂಬ್ಸೋಕೂ ಬರಬಾರ್ದು. ಅವಳಾಗೇ ಬರ್ಲಿ, ಕಾಯ್ತೀನಿ' ಅಂದ್ರು. ಕೊನೇ ತನಕ ಕಾಯ್ತಾನೇ ಇದ್ರು, ಅಕ್ಕ."

ಶಿವರುದ್ರಮ್ಮ ಹಸಿ ಮಣ್ಣಿನ ಮುಂದೆ, ಅವನ ತಲೆಯಿದ್ದ ಕಡೆ ಕುಳಿತಳು. ಕಿವಿ ಮಂದವಾದವರಿಗೆ ಹೇಳುವಂತೆ ಬಾಗಿ, ಮಣ್ಣಿಗೆ ಬಾಯಿ ಹತ್ತಿರ ತಂದಳು.

"ಬತ್ತೀನಿ ಕಣ್ರೀ," ಅಂದಳು. "ಕೇಳಿಸ್ತಾ? ನಾನೇ, ನಾನಾಗೇ ಬತ್ತೀನಿ."