ತಲೆಕೆಳಗಾದ ನಕ್ಷೆ

ಗಾಳಿಯ ಗುಣಮಟ್ಟ ನೋಡುವ ಕಚೇರಿಯಲ್ಲಿ ಕಂಪ್ಯೂಟರ್ ಮಾದರಿ ನಡೆಸುವವಳು ಆ ಮನೆಯ ದೊಡ್ಡ ಸೊಸೆ. ಊರನ್ನು ಚೌಕ ಚೌಕವಾಗಿ ಕತ್ತರಿಸಿ, ಯಾವ ಚೌಕದ ಮೇಲೆ ನಾಳೆ ಎಷ್ಟು ಹೊಗೆ ಎಂದು ಲೆಕ್ಕ ಹಾಕಿಸಿ, ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಆ ಫೈಲನ್ನು ವೆಬ್‌ಸೈಟಿಗೆ ಏರಿಸುವುದು ಅವಳ ಕೆಲಸ. ಬರೀ ಅಂಕಿ, ಯಾರು ಮೂಸಿ ನೋಡುತ್ತಾರೆ? ಚಿಕ್ಕ ಸೊಸೆ ಡ್ರಾಯಿಂಗ್ ಟೀಚರು. ಅದೇ ಫೈಲನ್ನು ಇಳಿಸಿಕೊಂಡು, ಹಸಿರು, ಹಳದಿ, ಕೆಂಪು ಬಳಿದು, ದಿನಾ ಬೆಳಿಗ್ಗೆ ಬೀದಿಯವರ ಮೊಬೈಲ್ ಗುಂಪಿಗೆ ಹಾಕತೊಡಗಿದಳು ನೋಡಿ, ಬೀದಿಗೆಲ್ಲ ಅವಳದೇ ಹೆಸರು.

ಉಬ್ಬಸದ ಅತ್ತೆಯಂತೂ ಆ ನಕ್ಷೆ ನೋಡದೆ ವಾಕಿಂಗಿಗೆ ಹೊಸಿಲು ದಾಟುತ್ತಿರಲಿಲ್ಲ. “ನಮ್ಮ ಚಿಕ್ಕವಳಿಂದ ನಾನು ಉಸಿರಾಡ್ತಿದೀನಿ” ಎಂದು ದೊಡ್ಡವಳ ಎದುರೇ ಹೇಳುವರು. ಬೇಯಿಸಿದವಳು ನಾನು, ಹೊಗಳಿಕೆ ಬಡಿಸಿದವಳಿಗೆ ಎಂದು ದೊಡ್ಡವಳ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಆ ವಾರ ಮಾದರಿಯ ಹೊಸ ಆವೃತ್ತಿ ಬಂತು. ಹಳೆಯದು ಅಂಕಿಗಳ ಸಾಲನ್ನು ಉತ್ತರದಿಂದ ಶುರುಮಾಡಿ ಬರೆಯುತ್ತಿತ್ತು, ಹೊಸದು ದಕ್ಷಿಣದಿಂದ. ಸೂಚನೆಗಳ ಫೈಲಿನ ಕೊನೆಯಲ್ಲಿ ದೊಡ್ಡವಳು ಅದನ್ನು ಒಂದು ಸಾಲಿನಲ್ಲಿ ಸೇರಿಸಿದಳು. ಆ ಫೈಲನ್ನು ಇಲ್ಲಿಯವರೆಗೆ ಓದಿದ ಪುಣ್ಯಾತ್ಮರಿಲ್ಲ. ಎದುರಿಗೇ ಕೂತು ಉಣ್ಣುವ ವಾರಗಿತ್ತಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಒಂದು ದಿನ ಇವಳಿಗೂ ಮುಖಭಂಗವಾಗಲಿ ಎಂದುಕೊಂಡಳು.

ಮರುದಿನ ಚಿಕ್ಕವಳು ಹಳೆಯ ಕ್ರಮದಲ್ಲೇ ಬಣ್ಣ ಬಳಿದಳು, ನಕ್ಷೆ ತಲೆಕೆಳಗಾಗಿ ಬಂತು. ಊರಾಚೆ ಉರಿಯುತ್ತಿದ್ದ ಕಸದ ಗುಡ್ಡದ ಹೊಗೆ ಇನ್ನು ಸ್ವಲ್ಪ ಹೊತ್ತಿಗೆ ಊರಿನ ದಕ್ಷಿಣಕ್ಕೆ ತಿರುಗುವುದಿತ್ತು. ಆದರೆ ಕೆಂಪೆಲ್ಲ ಉತ್ತರಕ್ಕೆ ಹೋಗಿ ಕೂತು, ದಕ್ಷಿಣದಂಚಿನ ಇವರ ಬೀದಿ ಹಚ್ಚಹಸಿರಾಗಿತ್ತು. ದೊಡ್ಡವಳು ಒಳಗೊಳಗೇ ನಕ್ಕಳು. ಅಷ್ಟರಲ್ಲಿ ಬಾಗಿಲ ಬಳಿ ಅತ್ತೆ ಶೂ ಹಾಕಿಕೊಳ್ಳುವುದು ಕಾಣಿಸಿತು. ಉಬ್ಬಸದ ಪಂಪು ಮೇಜಿನ ಮೇಲೇ ಇತ್ತು.

“ಅತ್ತೆ, ಇವತ್ತು ಹೋಗ್ಬೇಡಿ. ಆ ನಕ್ಷೆ ತಪ್ಪು. ಹೊಗೆ ನಮ್ಮ ಕಡೆಗೇ ಬರ್ತಿದೆ.”

ಅತ್ತೆ ಲೇಸು ಕಟ್ಟುತ್ತಲೇ ಹೇಳಿದರು: “ನಂಗೊತ್ತಮ್ಮ. ಮೊದಲಿಂದ್ಲೂ ನಿನಗೆ ಅದನ್ನ ಕಂಡ್ರಾಗಲ್ಲ.”

ಬಚ್ಚಿಟ್ಟಿದ್ದೇನೆ ಎಂದುಕೊಂಡಿದ್ದ ಹೊಟ್ಟೆಕಿಚ್ಚು ಮನೆಗೆಲ್ಲ ಗೊತ್ತಿತ್ತು. ಇನ್ನು ನಿಜ ಹೇಳಿದರೂ ನಂಬುವವರಿಲ್ಲ. ಅತ್ತೆ ಗೇಟಿನ ಕಡೆ ಹೊರಟರು, ದೊಡ್ಡವಳು ಚಿಕ್ಕವಳ ಕೋಣೆಗೆ ಓಡಿದಳು.

“ಸಾಲುಗಳನ್ನ ಮೇಲೆ ಕೆಳಗೆ ಮಾಡು, ಬೇಗ! ಫೈಲು ಬದಲಾಗಿದೆ. ನಿನ್ನೆನೇ ಹೇಳ್ಬೇಕಿತ್ತು ನಾನು.”

ಚಿಕ್ಕವಳು ಅವಳ ಮುಖವನ್ನೊಮ್ಮೆ ನೋಡಿದಳು. ನಕ್ಷೆ ಸರಿಮಾಡಿ, ‘ಬೆಳಗಿನದು ತಪ್ಪಾಗಿತ್ತು, ಕ್ಷಮಿಸಿ. ದಕ್ಷಿಣದವರು ಒಳಗೇ ಇರಿ’ ಎಂದು ಬರೆದಳು.

“ಹೇಳಿದ್ದು ನೀವು ಅಂತ ಹಾಕ್ಲಾ, ಅಕ್ಕ?”

ಇಷ್ಟು ದಿನ ಕಾದಿದ್ದು ಇದಕ್ಕೇ. “ಬೇಡ” ಎಂದಳು ದೊಡ್ಡವಳು.

ಗೇಟಿನಲ್ಲಿ ಅತ್ತೆಯ ಮೊಬೈಲ್ ಸದ್ದು ಮಾಡಿತು. ಅವರು ಓದಿಕೊಂಡು ವಾಪಸು ಬಂದು ಕುರ್ಚಿಯಲ್ಲಿ ಕೂತರು. “ತಪ್ಪಾದ್ರೆ ಒಪ್ಕೊಳ್ಳೋದು ಅಂದ್ರೆ ಹೀಗೆ. ಎಂಥಾ ಮನಸ್ಸು ನೋಡು ಅವಳ್ದು!”

ದೊಡ್ಡವಳು ಬಗ್ಗಿ ಅತ್ತೆಯ ಲೇಸು ಬಿಚ್ಚಿದಳು. ಹೊಟ್ಟೆ ಮೊದಲಿಗಿಂತ ಜೋರಾಗಿ ಉರಿಯುತ್ತಿತ್ತು. ಕಿಟಕಿ ಮುಚ್ಚಲು ಎದ್ದಾಗ ಹೊಗೆ ಬೀದಿಯ ತಿರುವಿಗೆ ಬಂದಿತ್ತು, ಅವಳ ಅಂಕಿಗಳು ಹೇಳಿದ ಹೊತ್ತಿಗೆ ಸರಿಯಾಗಿ. ಅದನ್ನು ಅವಳೊಬ್ಬಳೇ ನೋಡಿದಳು.