ರಬ್ಬರಿಗೆ ಬಿಡದ ಜಾಗ

“ತಡಿ, ತಡಿ, ಇನ್ನ ಇಳಸಬ್ಯಾಡ,” ಎಂದು ಶಿವರಾಜ ಚಾಸಿಯ ಕೆಳಗಿನಿಂದ ಕೂಗಿದ.

ಸಿದ್ದಲಿಂಗ ಚೈನ್ ಎಳೆಯುವುದನ್ನು ನಿಲ್ಲಿಸಿದ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡಿಗೆ ತೂಗುಬಿಟ್ಟಿದ್ದ ಹಳೆಯ ವ್ಯಾನಿನ ಎಂಜಿನ್, ಕಾರಿನ ಬರಿಯ ಚಾಸಿಯ ಮೇಲೆ ಗೇಣೆತ್ತರದಲ್ಲಿ ತಿರುಗತೊಡಗಿತು. ನಿಪ್ಪಾಣಿಯ ಮೆಕ್ಯಾನಿಕ್ ತೌಸಿಫ ಅದನ್ನು ಎರಡೂ ತೋಳಿನಿಂದ ತಬ್ಬಿ, ಹಟಮಾರಿ ಕರುವನ್ನು ಹಿಡಿದಂತೆ ಹಿಡಿದ.

“ಭಾರಿ ಹಿಡದಿ ದೋಸ್ತ,” ಎಂದು ಶಿವರಾಜ ತೌಸಿಫನನ್ನು ಹೊಗಳಿದ.

ಆ ಮಾತು ಸಿದ್ದಲಿಂಗನಿಗೆ ಮುಳ್ಳಿನಂತೆ ನಟ್ಟಿತು. ಇಷ್ಟು ದಿನ ಇಡೀ ಕಬ್ಬೂರಿನಲ್ಲಿ ಶಿವರಾಜ ದೋಸ್ತ ಅನ್ನುತ್ತಿದ್ದದ್ದು ತನ್ನೊಬ್ಬನಿಗೇ. ನಾವೇ ಒಂದು ಕಾರು ಕಟ್ಟೋಣ ಎಂಬ ಹುಚ್ಚು ಹತ್ತಿದ್ದು, ಇಬ್ಬರೂ ಕಬ್ಬಿನ ಟ್ರೇಲರ್ ಮೇಲೆ ಕೂತು ಫ್ಯಾಕ್ಟರಿ ಮುಂದೆ ಪಾಳಿ ಕಾಯುತ್ತಿದ್ದಾಗ. ಚಾಸಿಯ ಒಂದೊಂದು ಪೈಪನ್ನೂ ಬಗ್ಗಿಸಿ ವೆಲ್ಡಿಂಗ್ ಮಾಡಿದವನು ಟ್ರೇಲರ್ ಕಟ್ಟುವ ಮಿಸ್ತ್ರಿ ಸಿದ್ದಲಿಂಗ. ಎಂಜಿನ್ ಬಲ್ಲವರು ಬೇಕೆಂದು ತೌಸಿಫನನ್ನು ಕರೆಸಿದ್ದು ಮೊನ್ನೆ ಮೊನ್ನೆ. ಈಗ ಶಿವರಾಜನ ಮೊಬೈಲಿನ ವಿಡಿಯೊಗಳಲ್ಲೆಲ್ಲ ತೌಸಿಫನೇ. ಸಿದ್ದಲಿಂಗನದು ಆಗೊಮ್ಮೆ ಈಗೊಮ್ಮೆ ಒಂದು ಮೊಣಕೈ.

“ಇಲ್ಲೆ ರಬ್ಬರ್ ಇಡಾಕ ಜಾಗಾನ ಇಲ್ಲಲೇ ಸಿದ್ಯಾ,” ಎನ್ನುತ್ತ ಶಿವರಾಜ ತೆವಳಿ ಹೊರಬಂದ.

ಎಂಜಿನ್ನಿನ ಅದುರು ತಡೆಯಲೆಂದು ಅದರ ಕಾಲಿನ ಕೆಳಗೆ ಇಡಲು ತೌಸಿಫ ಕೊಟ್ಟಿದ್ದ ದಪ್ಪ ರಬ್ಬರುಗಳು ಇನ್ನೂ ಸಿದ್ದಲಿಂಗನ ಚೀಲದಲ್ಲೇ ಇದ್ದವು. ಟ್ರೇಲರ್ ಕಟ್ಟುವ ಕೈಗೆ, ಅಳ್ಳಾಡುವ ಜೋಡಣೆಯೆಂದರೆ ನಾಚಿಕೆಗೇಡು. ಅದೂ ಅಲ್ಲದೆ, ರಬ್ಬರ್ ಇಡು ಅಂದವನು ತೌಸಿಫ.

“ಕಬ್ಬಿಣ ಕಬ್ಬಿಣಕ್ಕ ಕೂತ್ರ ಗಟ್ಟಿ ಇರತೈತಿ,” ಎಂದ ಸಿದ್ದಲಿಂಗ.

“ಗಾಡಿ ಗಟ್ಟಿ ಇರತೈತಿ, ಕೂತವರ ಹಲ್ಲ ಉದರತಾವ. ಕಾರ್ ಮಾಡಂದ್ರ ಟ್ರೇಲರ್ ಮಾಡ್ಯಾನ ನಮ್ಮ ಮಿಸ್ತ್ರಿ.”

ತೌಸಿಫ ನಗಲಿಲ್ಲ. “ತಪ್ಪ ನಂದು. ಅಳತಿ ನಾನ ಸರಿ ಹೇಳಲಿಲ್ಲ. ಸಿದ್ದಣ್ಣಾರ ನಾ ಹೇಳಿದಂಗ ಮಾಡ್ಯಾರ.”

ಹಸೀ ಸುಳ್ಳು. ತೌಸಿಫ ಬೈದಿದ್ದರೆ ಜಗಳಕ್ಕಾದರೂ ಬೀಳಬಹುದಿತ್ತು. ಶಿವರಾಜ ಮೆಚ್ಚುಗೆಯಿಂದ ತೌಸಿಫನ ಹೆಗಲ ಮೇಲೆ ಕೈ ಹಾಕಿದ. ಅದನ್ನು ನೋಡಲಾರದೆ ಸಿದ್ದಲಿಂಗ ಗ್ರೈಂಡರ್ ಎತ್ತಿಕೊಂಡು, ಎಂಜಿನ್ ಕೂರಲು ತಾನು ಕೂಡಿಸಿದ್ದ ಕಬ್ಬಿಣದ ಪಟ್ಟಿಗಳನ್ನು ತಾನೇ ಕೊಯ್ದು, ಕೆಳಗಿಳಿಸಿ, ರಬ್ಬರಿಗೆ ಜಾಗ ಬಿಟ್ಟು ಮತ್ತೆ ಕೂಡಿಸಿದ. ಕಿಡಿ ಮೊಣಕೈಗೆ ಸಿಡಿದರೂ ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಶಿವರಾಜನ ತಾಯಿ ರುಕ್ಮವ್ವ ಎಂಜಿನ್ ಕೂಡಿಸುವ ಪೂಜೆಗೆಂದು ಕುಂಕುಮ, ತೆಂಗಿನಕಾಯಿ ಹಿಡಿದು ಬಂದಳು. ಹೊಸ ಟ್ರೇಲರ್ ಹೊರಡುವಾಗ ಕಾಯಿ ಒಡೆಯುವ ಮಾನ ಕಟ್ಟಿದವನದು. ಸಿದ್ದಲಿಂಗ ಕೈ ಒರೆಸಿಕೊಂಡು ಮುಂದೆ ಬಂದ.

“ತೌಸಿಫಗ ಕೊಡ ಬೇ ಯವ್ವಾ,” ಎಂದ ಶಿವರಾಜ.

ತೌಸಿಫ ಕಾಯಿ ತೆಗೆದುಕೊಂಡ. ನೇರ ಸಿದ್ದಲಿಂಗನ ಎದುರು ಬಂದು ಎರಡೂ ಕೈಯಿಂದ ಚಾಚಿದ.

“ಗಾಡಿ ಕಟ್ಟಿದವರು ನೀವರಿ ಸಿದ್ದಣ್ಣಾರ. ನೀವ ಒಡೀರಿ.”

ಅದೇ ಮಾತನ್ನು ಶಿವರಾಜ ಆಡಲೆಂದು ಸಿದ್ದಲಿಂಗ ಕಾದಿದ್ದ. ಆದರೆ ಶಿವರಾಜ ಮೊಬೈಲ್ ತೆಗೆದು ತೌಸಿಫನತ್ತ ಹಿಡಿದಿದ್ದ.

“ತಗೋಳಲೇ ಸಿದ್ಯಾ, ಹೊತ್ತಾಗಾಕತ್ತೈತಿ,” ಎಂದ ಶಿವರಾಜ.

“ಒಲ್ಲೆ,” ಎಂದ ಸಿದ್ದಲಿಂಗ, ಕಾಯಿಯನ್ನಲ್ಲ, ಶಿವರಾಜನನ್ನು ನೋಡುತ್ತ.